ಚಿಕ್ಕಪ್ಪನ ಪ್ರೊಸೆಸರ್ ಪಂದ್ಯ

ನಮ್ಮ ಚಿಕ್ಕಪ್ಪ ಜೀವನದಲ್ಲಿ ಯಾವ ವಸ್ತುವನ್ನೂ ಒಂಟಿಯಾಗಿ ನೋಡಿದವರಲ್ಲ. ಪಕ್ಕದಲ್ಲಿ ಅಂಥದ್ದೇ ಇನ್ನೊಂದನ್ನು ಇಡದಿದ್ದರೆ ಅವರ ಕಣ್ಣಿಗೆ ಅದು ಕಾಣಿಸುವುದೇ ಇಲ್ಲ! ಬದನೆಕಾಯಿ ಬೇಕೆಂದರೆ ಎರಡು ಅಂಗಡಿಯಿಂದ ಒಂದೊಂದು ತಂದು, ಬೇರೆ ಬೇರೆ ಬಾಣಲೆಯಲ್ಲಿ ಬೇಯಿಸಿ, ರುಚಿ ನೋಡಿ, ಗೆದ್ದ ಅಂಗಡಿಗೆ ವಾಪಸು ಹೊರಡುತ್ತಿದ್ದರು. ಅಷ್ಟು ಹೊತ್ತಿಗೆ ಗೆದ್ದವನೂ ಸೋತವನೂ ಅಂಗಡಿ ಮುಚ್ಚಿ ಮನೆಗೆ ಹೋಗಿರುತ್ತಿದ್ದರು. ಹೆಣ್ಣು ನೋಡಲು ಟಿ. ನರಸೀಪುರಕ್ಕೆ ಹೋದಾಗಲೂ ಅಷ್ಟೆ. ಉಪ್ಪಿಟ್ಟಿನ ತಟ್ಟೆ ಖಾಲಿ ಮಾಡಿ, "ಬೇರೆಯವ್ರು ಮಾಡಿದ್ದು ಇದ್ರೆ ಅದನ್ನೂ ಒಂಚೂರು ಕೊಡಿ, ನೋಡಾಣ" ಎಂದರಂತೆ. ಹುಡುಗಿಯ ಮುಖ ಕೆಂಪಾದದ್ದು, ನಮ್ಮಪ್ಪ ಕೆಮ್ಮಿದ್ದು ಎಲ್ಲವೂ ನನ್ನ ಕಣ್ಣಿಗೆ ಕಟ್ಟಿದಂತಿದೆ.

ತೊಂದರೆಯೆಂದರೆ ಆಗ ನಾನಿನ್ನೂ ಹುಟ್ಟಿರಲಿಲ್ಲ.

ವಿಶ್ವವಿದ್ಯಾಲಯ ನನಗೆ ಕಲಿಸಿದ ಒಂದೇ ವಿದ್ಯೆ ಅನುಮಾನ. ಅದನ್ನು ದೇವರು, ಸರ್ಕಾರ, ಪತ್ರಿಕೆ ಎಲ್ಲದರ ಮೇಲೂ ಪ್ರಯೋಗಿಸಿ ಮುಗಿಸಿದ್ದೇನೆ. ಈಗ ಉಳಿದಿರುವುದು ನನ್ನ ನೆನಪೊಂದೇ. ಆದ್ದರಿಂದ ಮುಂದೆ ಹೇಳುವುದರಲ್ಲಿ ಒಂದಿಷ್ಟು ಉಪ್ಪುಖಾರ ನಾನೇ ಬೆರೆಸಿರಬಹುದು. ಪಂದ್ಯ ನಡೆದದ್ದು ಮಾತ್ರ ನಿಜ. ಚಿಕ್ಕಮ್ಮನೇ ಅದಕ್ಕೆ ಸಾಕ್ಷಿ.

ತೊಂಬತ್ತರ ದಶಕದ ಕೊನೆ ಇರಬೇಕು. ನಂಜನಗೂಡಿನ ಬಸ್ ಸ್ಟ್ಯಾಂಡ್ ಹಿಂದೆ ಮನೆಯ ಮುಂಭಾಗದಲ್ಲೇ ಚಿಕ್ಕಪ್ಪನ ಡಿ.ಟಿ.ಪಿ. ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಹನ್ನೊಂದನೇ ದಿನದ ಕಾರ್ಡು, ಹೀಗೆ ಮನುಷ್ಯನ ಸಕಲ ಸಂಸ್ಕಾರಗಳೂ ಅವರ ಕಂಪ್ಯೂಟರಿನ ಮೂಲಕವೇ ಹಾದುಹೋಗುತ್ತಿದ್ದವು. ಟಿ. ನರಸೀಪುರದಲ್ಲಿ ಚಿಕ್ಕಮ್ಮನ ತಮ್ಮ, ಅಂದರೆ ನನಗೆ ಮಾವ, ಅಂಥದ್ದೇ ಅಂಗಡಿ ಇಟ್ಟಿದ್ದರು. ಚಿಕ್ಕಪ್ಪನ ಕಂಪ್ಯೂಟರಿನ ಮೆದುಳು, ಅಂದರೆ ಪ್ರೊಸೆಸರ್, ಒಂದು ದೊಡ್ಡ ಕಂಪನಿಯದು. ಮಾವನದು ಅದರ ಎದುರು ಕಂಪನಿಯದು, ಅಗ್ಗದ್ದು. ಹೆಸರು ಹೇಳುವುದಿಲ್ಲ. ಹೇಳಿದರೆ ಇವತ್ತಿಗೂ ಇಬ್ಬರೂ ತೋಳೇರಿಸಿಕೊಂಡು ಬರುತ್ತಾರೆ.

ಕಂಪ್ಯೂಟರ್ ಮಾಸಪತ್ರಿಕೆಯೊಂದು ಈ ಎರಡು ಪ್ರೊಸೆಸರ್‌ಗಳ ವೇಗವನ್ನು ಪರೀಕ್ಷಿಸಿ ಮಾವನ ಪ್ರೊಸೆಸರೇ ಮುಂದು ಎಂದು ಬರೆಯಿತು. ಮಾವ ಆ ಪುಟದ ಜೆರಾಕ್ಸ್ ತೆಗೆಸಿ ಬಸ್ ಕಂಡಕ್ಟರ್ ಕೈಲಿ ಭಾವನಿಗೆ ಕಳಿಸಿಕೊಟ್ಟರು. ಚಿಕ್ಕಪ್ಪ ಅದನ್ನು ಓದಿ ಫೋನ್ ಎತ್ತಿಕೊಂಡರು.

"ಈ ಪತ್ರಿಕೆಯೋರು ಕಂಪ್ಯೂಟರಲ್ಲಿ ಯುದ್ಧದ ಆಟ ಓಡಿಸಿ ನೋಡವ್ರೆ. ನಿನ್ನ ಅಂಗಡೀಲಿ ಯಾವನಾದ್ರೂ ಯುದ್ಧ ಮಾಡಾಕೆ ಬತ್ತಾನೇನಯ್ಯಾ? ಲಗ್ನಪತ್ರಿಕೆ ಓಡಿಸು. ಆಗ ಗೊತ್ತಾಗ್ತದೆ."

ಹೀಗೆ ನಂಜನಗೂಡು ತಾಲ್ಲೂಕಿಗೆ ಸ್ವಂತದ್ದೊಂದು ಪರೀಕ್ಷೆ ಹುಟ್ಟಿತು. ಹೆಡತಲೆ ಊರಿನ ಕುಟುಂಬವೊಂದರ ಲಗ್ನಪತ್ರಿಕೆ ಅದು. ಅದನ್ನು ಚಿಕ್ಕಪ್ಪ ಫ್ಲಾಪಿಗೆ ಹಾಕಿ ಅದೇ ಬಸ್ ಕಂಡಕ್ಟರ್ ಕೈಲಿ ಮಾವನಿಗೂ ಕಳಿಸಿದರು. ಮೇಲೆ ಕಿರೀಟ ಇಟ್ಟ ಗಣೇಶ, ಸುತ್ತ ಮಾವಿನೆಲೆಯ ಅಂಚು, ಕೆಳಗೆ "ಸುಖಾಗಮನ ಬಯಸುವವರು" ಎಂದು ಇಡೀ ಬಂಧುಬಳಗ. ಯಾರ ಹೆಸರು ಬಿಟ್ಟರೂ ಮದುವೆಗೆ ಬರುವುದಿಲ್ಲ ಎಂಬ ಭಯಕ್ಕೆ ತೊಟ್ಟಿಲ ಕೂಸಿನ ಹೆಸರೂ ಅದರಲ್ಲಿತ್ತು. ಆ ಕಾಲದ ಕಂಪ್ಯೂಟರಿಗೆ ಇದನ್ನು ತೆರೆಯುವುದೆಂದರೆ ಬೆಟ್ಟ ಹತ್ತಿದಂತೆ. ಪರದೆಯ ಮೇಲೆ ಮೊದಲು ಕಿರೀಟ, ಆಮೇಲೆ ಸೊಂಡಿಲು, ನಿಧಾನಕ್ಕೆ ಹೊಟ್ಟೆ, ಅದರ ಕೆಳಗೆ ನೆಂಟರು ಸಾಲಾಗಿ ಇಳಿಯುತ್ತಿದ್ದರು.

ಇಬ್ಬರೂ ಫೋನಿನಲ್ಲಿ "ಒತ್ತು" ಎಂದು ಕೂಗಿ ಒಟ್ಟಿಗೇ ಕೀಲಿ ಒತ್ತಬೇಕು. ಒತ್ತಿದ ಮೇಲೆ ಅರ್ಧ ನಂಜನಗೂಡಿಗೆ ಚಿಕ್ಕಪ್ಪನ ದನಿ ಕೇಳುತ್ತಿತ್ತು.

"ನಮ್ದು ಸೊಂಡ್ಲು ಬಂತು!"

"ಭಾವ, ನಿಮ್ಮ ಗಣೇಶಂಗೆ ಸೊಂಡ್ಲು ಬರೋ ಹೊತ್ಗೆ ನಮ್ಮಲ್ಲಿ ಊಟಕ್ಕೆ ಎಲೆ ಹಾಕಾಯ್ತು."

"ನೀನು ನಾನು ಹೇಳಕ್ ಮುಂಚೇನೆ ಒತ್ತಿದ್ದೀಯ ಕಣಯ್ಯಾ."

"ಫೋನಲ್ಲಿ ನಿಮ್ಮ ಮಾತು ಬರೋದೇ ತಡ. ಅದೂ ನಿಮ್ಮ ಪ್ರೊಸೆಸರಲ್ಲೇ ಬತ್ತಿರ್ಬೇಕು."

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕಳಲೆಯಲ್ಲಿ ನೆಂಟರ ಮನೆಯ ನಾಮಕರಣ. ಊಟದ ಪಂಕ್ತಿಯಲ್ಲಿ ಇಬ್ಬರೂ ಅಕ್ಕಪಕ್ಕ ಕುಳಿತರು. ಪ್ರೊಸೆಸರ್ ಮಾತು ಬಂತು. ಮಾವನದು ತುಂಬ ಬಿಸಿಯಾಗುತ್ತದೆ ಎಂದು ಯಾರೋ ಅಂದರು. ಚಿಕ್ಕಪ್ಪ ಹಪ್ಪಳ ಮುರಿಯುತ್ತಾ ಹೇಳಿದರು, "ಬೇಗ ಕಾಯೋದು, ಜಾಸ್ತಿ ಕೂಗೋದು, ಕೆಲ್ಸಕ್ಕೆ ಮಾತ್ರ ಇಲ್ಲ. ಅವ್ರ ಮನೆ ತಳೀನೇ ಅಂಥದ್ದು."

ಪಾಯಸ ಬಡಿಸುತ್ತಿದ್ದ ಚಿಕ್ಕಮ್ಮನ ಸೌಟು ಅಲ್ಲೇ ನಿಂತಿತು. ಮಾವ ಅರ್ಧ ಎಲೆಯಲ್ಲೇ ಎದ್ದು, ಕೈ ತೊಳೆದು, ಹೋಗಿಬಿಟ್ಟರು.

ಅಲ್ಲಿಂದ ಮಾತಿಲ್ಲ, ಫೋನಿಲ್ಲ. ಗೌರಿ ಹಬ್ಬ ಹತ್ತಿರ ಬಂತು. ಹಬ್ಬಕ್ಕೆ ತವರಿನವರು ಬಂದು ಕರೆಯಬೇಕು, ಕರೆಯದೆ ಹೆಣ್ಣುಮಗಳು ಹೋಗುವಂತಿಲ್ಲ. ಪ್ರತಿವರ್ಷ ಮಾವ ಹೂವು, ಹಣ್ಣು ಹಿಡಿದು ಬಂದು ಕರೆಯುತ್ತಿದ್ದರು. ಈ ಸಲ ಇನ್ನೂ ಬಂದಿರಲಿಲ್ಲ. ಚಿಕ್ಕಮ್ಮ ಬಸ್ಸಿನ ಸದ್ದಾದಾಗಲೆಲ್ಲ ಬಾಗಿಲ ಕಡೆ ನೋಡುತ್ತಿದ್ದರು. ಮನೆ ಇದ್ದದ್ದು ಬಸ್ ಸ್ಟ್ಯಾಂಡ್ ಹಿಂದೆ. ಪಾಪ, ಅವರ ಕುತ್ತಿಗೆಗೆ ಬಿಡುವೇ ಇರಲಿಲ್ಲ.

ಚಿಕ್ಕಪ್ಪನೂ ಅದನ್ನು ನೋಡಿದರೆಂದು ಕಾಣುತ್ತದೆ. ಒಂದು ದಿನ ನನ್ನನ್ನು ಕರೆದರು.

"ನರಸೀಪುರಕ್ಕೆ ಓಗಿ ಅವನ್ಗೆ ಹೇಳು. ಎರಡು ಡಬ್ಬಾನೂ ಒಂದೇ ಮೇಜಿನ ಮೇಲೆ ಕೂರ್ಲಿ. ಸೋತೋನು ತಪ್ಪಾಯ್ತು ಅನ್ಬೇಕು. ಗೆದ್ದೋನು ಅಲ್ಲಿಗೆ ಮರ್ತುಬಿಡ್ಬೇಕು."

"ಅದರ ಬದ್ಲು ನೀವೇ ತಪ್ಪಾಯ್ತು ಅಂದುಬಿಡಿ ಚಿಕ್ಕಪ್ಪ."

"ಸೋಲ್ದೆ ಎಂಗ್ಲಾ ಅನ್ನಕ್ಕಾಯ್ತದೆ?"

ನನ್ನ ಎಂ.ಎಸ್ಸಿ.ಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಸ್ ಹತ್ತಿದೆ. ನರಸೀಪುರಕ್ಕೆ ಹೋಗಿ ವಿಷಯ ತಿಳಿಸಿದೆ. ಮಾವ ಒಂದು ಗಳಿಗೆಯೂ ಯೋಚಿಸದೆ ಒಪ್ಪಿದ್ದು ನನಗೆ ಆಗಲೇ ವಿಚಿತ್ರ ಎನಿಸಿತು. ಅಥವಾ ಈಗ ಹಾಗೆನಿಸುತ್ತಿದೆಯೋ, ಗೊತ್ತಿಲ್ಲ.

ಹಬ್ಬದ ಹಿಂದಿನ ದಿನ ಮಾವ ಕಂಪ್ಯೂಟರಿನ ಡಬ್ಬವನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದರು. ಮೇಜಿನ ಮೇಲೆ ಎರಡು ಮಾನಿಟರ್. ಓದಿದವನೆಂದು ನಾನೇ ಪರೀಕ್ಷಕ. "ಒತ್ತಿ" ಎಂದೆ. ಒತ್ತಿದರು.

ಎರಡು ಪರದೆಯ ಮೇಲೂ ಏನೂ ಬರಲಿಲ್ಲ. ಕಾದೆವು. ತುಂಬ ಹೊತ್ತಿನ ಮೇಲೆ ಎರಡರಲ್ಲೂ ಕಿರೀಟದ ತುದಿ ಕಂಡಿತು. ಪಕ್ಕದ ಸೈಕಲ್ ಶಾಪಿನವರು ನೋಡಲು ಬಂದು, ನಿಂತು ಸಾಕಾಗಿ, ಒಂದು ಪಂಕ್ಚರ್ ಹಾಕಿ ವಾಪಸು ಬಂದರು. ಸೊಂಡಿಲು ಇನ್ನೂ ದಾರಿಯಲ್ಲಿತ್ತು. ಚಿಕ್ಕಮ್ಮ ಕಾಫಿ ತಂದವರು ಇಣುಕಿ ನೋಡಿ, "ಇದೇನು, ಆ ಮದ್ವೆ ಹುಡ್ಗೀಗೆ ಬಾಣಂತನ ಮುಗಿಯೋ ಹೊತ್ಗೆ ಪತ್ರಿಕೆ ಬತ್ತದಾ?" ಎಂದರು.

ನಾನು ಇಬ್ಬರ ಮುಖ ನೋಡಿದೆ. ಚಿಕ್ಕಪ್ಪನ ಗಣೇಶ ಒಂದು ಗೆರೆ ಮುಂದೆ ಹೋದರೆ ಚಿಕ್ಕಪ್ಪನ ಮುಖ ಬಾಡುತ್ತಿತ್ತು. ಮಾವನ ಗಣೇಶ ಮುಂದಾದರೆ ಮಾವನಿಗೆ ಬೆವರು. ಹಿಂದೆ ಬಿದ್ದವರು ಮಾತ್ರ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದರು.

ಕೊನೆಗೆ ಮಾವನ ಪರದೆಯಲ್ಲಿ ನೆಂಟರು ಇಳಿಯತೊಡಗಿದರು. ಇನ್ನೇನು ತೊಟ್ಟಿಲ ಕೂಸಿನ ಹೆಸರು ಬರಬೇಕು, ಅಷ್ಟರಲ್ಲಿ ಮಾವನ ಕಾಲು ಮೇಜಿನ ಕೆಳಗಿನ ವೈರಿಗೆ ತಗುಲಿ ಪ್ಲಗ್ ಕಿತ್ತುಬಂತು. ಪರದೆ ಕಪ್ಪಾಯಿತು.

"ಮೋಸ," ಎಂದು ಚಿಕ್ಕಪ್ಪ ಎದ್ದರು. "ಬೇಕೂಂತ ಒದ್ದ. ಸೋಲಾಕೇ ಬಂದವ್ನೆ ಇವ್ನು."

"ನೀವು ಗೆಲ್ಲಾಕೆ ಕೂತಿದ್ರಾ ಭಾವ? ನಿಮ್ಮ ಮಿಷನ್ನು ಯಾವತ್ತು ಇಷ್ಟು ಮೆತ್ತಗೆ ಓಡಿತ್ತು, ಹೇಳಿ."

ನನ್ನ ಅನುಮಾನಕ್ಕೆ ಅಷ್ಟು ಸಾಕಾಯಿತು. ಪ್ಲಗ್ ಹಾಕಿ, ಎರಡನ್ನೂ ಮತ್ತೆ ಶುರುಮಾಡಿ, ಯಂತ್ರ ಪೂರ್ತಿ ಏಳುವ ಮೊದಲು ಸಿಗುವ ನೀಲಿ ಸೆಟ್ಟಿಂಗ್ ಪುಟಕ್ಕೆ ಹೋದೆ. ಪ್ರೊಸೆಸರಿನೊಳಗೆ ಕ್ಯಾಶ್ ಎಂಬ ಪುಟ್ಟ ನೆನಪಿನ ಜಾಗವೊಂದಿರುತ್ತದೆ. ಒಲೆಯ ಪಕ್ಕದ ಒಗ್ಗರಣೆ ಡಬ್ಬಿ ಇದ್ದಂತೆ, ಬೇಕಾದ್ದು ಕೈಗೆ ಸಿಗುತ್ತದೆ. ಅದನ್ನು ನಿಲ್ಲಿಸಿಬಿಟ್ಟರೆ ಒಂದೊಂದು ಸಾಸಿವೆ ಕಾಳಿಗೂ ಅಟ್ಟ ಹತ್ತಿ ಇಳಿಯಬೇಕು. ಚಿಕ್ಕಪ್ಪನ ಯಂತ್ರದಲ್ಲಿ ಅದನ್ನು ನಿಲ್ಲಿಸಲಾಗಿತ್ತು. ಮಾವನದರಲ್ಲೂ!

ನಾನು ಅದನ್ನು ಗಟ್ಟಿಯಾಗಿ ಓದಿ ಹೇಳಿದೆ. ಚಿಕ್ಕಪ್ಪ ಫ್ಯಾನ್ ನೋಡಿದರು. ಮಾವ ನೆಲ ನೋಡಿದರು. ಚಿಕ್ಕಮ್ಮ ಖಾಲಿ ಲೋಟಗಳನ್ನು ಎತ್ತಿಕೊಳ್ಳುತ್ತಾ ಹೇಳಿದರು, "ನಿಮ್ಮಿಬ್ರಿಗೂ ಬಾಯಿ ಅನ್ನೋದು ಇದ್ದಿದ್ರೆ ಈ ಡಬ್ಬ ಯಾಕಪ್ಪಾ ಬೇಕಿತ್ತು?"

ಎತ್ತಿಕೊಂಡ ಲೋಟಗಳನ್ನು ಮತ್ತೆ ಮೇಜಿನ ಮೇಲೇ ಕುಕ್ಕಿದರು.

"ತಳಿ ಅಂದಿದ್ದು ನಂದು ತಪ್ಪಾಯ್ತು ಕಣಯ್ಯಾ," ಎಂದರು ಚಿಕ್ಕಪ್ಪ, ಫ್ಯಾನಿಗೆ.

"ಎಲೆ ಬಿಟ್ಟು ಎದ್ದಿದ್ದು ನಂದೂ ತಪ್ಪೇ ಭಾವ," ಎಂದು ಮಾವ ನೆಲಕ್ಕೆ ಹೇಳಿ, ಚಿಕ್ಕಮ್ಮನ ಕಡೆ ತಿರುಗಿದರು. "ಅಕ್ಕಾ, ನಾಳೆ ಗೌರಿ. ಬಾ ಹೋಗಾಣ."

ಚಿಕ್ಕಮ್ಮ ಒಳಗೆ ಹೋಗಿ ಬರಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಚೀಲ ಅದಾಗಲೇ ಸಿದ್ಧವಾಗಿತ್ತೆಂದು ತೋರುತ್ತದೆ. ಎಂದಿನಿಂದ ಸಿದ್ಧವಿತ್ತೋ ನಾವು ಕೇಳಲಿಲ್ಲ.

ನರಸೀಪುರದ ಬಸ್ಸಿಗೆ ಹಬ್ಬದ ಜನ ಮುಗಿಬಿದ್ದಿದ್ದರು. ಚಿಕ್ಕಪ್ಪ ಚೀಲ ಹೊತ್ತು ಬಾಗಿಲ ತನಕ ಬಂದು, ಕೊಟ್ಟು, ಹಿಂದಕ್ಕೆ ಸರಿದು, ಗೋಡೆಯ ಮೇಲಿನ ಬಸ್ ವೇಳಾಪಟ್ಟಿಗೆ ಮುಖಮಾಡಿ ನಿಂತುಬಿಟ್ಟರು. ಬಸ್ಸು ಹೊರಟು ತಿರುವು ದಾಟಿದರೂ ತಿರುಗಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತೆಂದು ನನ್ನ ನೆನಪು ಹೇಳುತ್ತದೆ. ಅದರ ಮಾತನ್ನು ನಾನು ನಂಬುವುದಿಲ್ಲ. ನಾನು ನಿಂತಿದ್ದ ಜಾಗದಿಂದ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆದರೆ ಅವರು ನನ್ನನ್ನು ಕೇಳಿದ್ದು ಮಾತ್ರ ನನ್ನ ಕಿವಿಯಲ್ಲಿ ಹಾಗೇ ಇದೆ.

"ಸೀಟು ಸಿಕ್ತೇನ್ಲಾ ಅವ್ಳಿಗೆ?"

"ಸಿಕ್ತು ಚಿಕ್ಕಪ್ಪ, ಕಿಟಕಿ ಪಕ್ಕ."

"ಸದ್ಯ," ಎಂದರು.