ಮಾವನವರ ರಿವಾಲ್ವರು ಮತ್ತು ಬೇಲದ ಹಣ್ಣು

ಮನುಷ್ಯನಿಗೆ ಒಂದಲ್ಲ ಒಂದು ಹುಚ್ಚು ಇರಬೇಕು, ಆದರೆ ಅದು ನೆಂಟರೆದುರು ಹೇಳಿಕೊಳ್ಳುವಂಥದ್ದಾಗಿರಬೇಕು. ನಮ್ಮ ಷಡ್ಡಕರಿಗೆ ಗುಲಾಬಿ ಗಿಡಗಳ ಹುಚ್ಚು. ಮನೆಗೆ ಬಂದವರೆಲ್ಲ ಮೂಸಿ ನೋಡಿ ಹೊಗಳುತ್ತಾರೆ. ನನಗಿರುವುದು ಹಳೆಯ ರಿವಾಲ್ವರುಗಳ ಹುಚ್ಚು. ಹಾಗೆಂದ ಕೂಡಲೇ ಎದುರಿಗೆ ಕೂತವರು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನನಗಿಂತ ಪುಕ್ಕಲು ಮನುಷ್ಯ ಮುಳಬಾಗಿಲಿನಲ್ಲಿ ಇನ್ನೊಬ್ಬನಿಲ್ಲ. ದೀಪಾವಳಿಯಲ್ಲಿ ಪಕ್ಕದ ಮನೆಯವರು ಆನೆಪಟಾಕಿ ತೆಗೆದರೆ ನಾನು ದೇವರ ಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತೇನೆ. ಮೂವತ್ತು ವರ್ಷ ಸರ್ವೇಯರ್ ಆಗಿ ಜಮೀನು ಅಳೆದು ನಿವೃತ್ತನಾದವನು ನಾನು. ಗುಂಡು ಹಾರಿಸುವ ಆಸೆ ಒಂದು ದಿನವೂ ಹುಟ್ಟಿದ್ದಿಲ್ಲ. ಅದನ್ನು ಯಾರು ಮಾಡಿದರು, ಯಾವ ಕಾಲದ್ದು, ಯಾರ ಕೈಯಿಂದ ಯಾರ ಕೈಗೆ ಬಂತು ಎಂದು ಕೆದಕುವುದಷ್ಟೇ ನನ್ನ ಸುಖ.

ಸಂಗ್ರಹವೆಂದರೆ ಗೋಡೆ ತುಂಬ ಪಿಸ್ತೂಲು ತೂಗುಹಾಕಿದ್ದೇನೆ ಎಂದುಕೊಳ್ಳಬೇಡಿ. ಅದಕ್ಕೆ ಕಾನೂನು ಒಪ್ಪುವುದಿಲ್ಲ, ಕಾನೂನು ಒಪ್ಪಿದರೂ ನನ್ನ ಹೆಂಡತಿ ಮುನಿಲಕ್ಷ್ಮಿ ಒಪ್ಪುವುದಿಲ್ಲ. ನನ್ನ ಬಳಿ ಇರುವುದು ಬಹುಪಾಲು ಕಾಗದ: ಫೋಟೋಗಳು, ಹಳೆಯ ಬೆಲೆಪಟ್ಟಿಗಳು, ಇಂಗ್ಲೆಂಡಿನ ಇಬ್ಬರು ಮುದುಕರು ಬರೆದ ಪತ್ರಗಳು. ಯಾರ ಮನೆಯಲ್ಲಾದರೂ ಹಳೆಯ ರಿವಾಲ್ವರ್ ಇದೆಯೆಂದು ಕಿವಿಗೆ ಬಿದ್ದರೆ ಸಾಕು, ಬಸ್ಸು ಹತ್ತುತ್ತೇನೆ. ಒಮ್ಮೆ ಮಾಲೂರಿನ ಕಡೆಯ ಲಕ್ಕೂರಿನಿಂದ ಒಬ್ಬರು ಫೋನು ಮಾಡಿ, "ಬ್ರಿಟಿಷ್‌ನೋರ ಕಾಲದ್ದು ಸಾರ್, ನಮ್ ತಾತ ಮಡಗಿದ್ದು, ಬನ್ನಿ" ಎಂದರು. ಎರಡು ಬಸ್ಸು ಬದಲಾಯಿಸಿ ಹೋದೆ. ಅವರು ಭಕ್ತಿಯಿಂದ ರೇಷ್ಮೆ ಬಟ್ಟೆ ಬಿಚ್ಚಿ ತೋರಿಸಿದ್ದು ಮಕ್ಕಳು ಹಬ್ಬಕ್ಕೆ ಕೇಪು ಹೊಡೆಯುವ ತಗಡಿನ ಪಿಸ್ತೂಲು. ಮನೆಯವರೆಲ್ಲ ಸುತ್ತ ನಿಂತು ನನ್ನ ಬಾಯನ್ನೇ ನೋಡುತ್ತಿದ್ದರು. ಬಿಸಿ ಮುದ್ದೆ, ಬಸ್ಸಾರು ಬೇರೆ ಹಾಕಿದ್ದರು. ಉಂಡ ಮನೆಗೆ ಎರಡು ಬಗೆಯುವುದು ಹೇಗೆ? "ಅಪರೂಪದ್ದು, ಜೋಪಾನವಾಗಿ ಇಟ್ಟುಕೊಳ್ಳಿ" ಎಂದು ಹೇಳಿ ಬಂದೆ.

ನಮ್ಮ ಮನೆಯಲ್ಲಿ ನಿಜವಾದ ರಿವಾಲ್ವರ್ ಇರುವುದು ಒಂದೇ. ಅದು ನಮ್ಮ ಮಾವನವರದು. ಅವರು ಚಿನ್ನದ ಗಣಿಯಲ್ಲಿ ಪಹರೆಯ ಕೆಲಸದಲ್ಲಿದ್ದರು. ಅವರು ತೀರಿಕೊಂಡ ಮೇಲೆ ಲೈಸೆನ್ಸು ಸಮೇತ ಅದು ನನ್ನ ಹೆಸರಿಗೆ ಬಂತು. ಇಂಗ್ಲೆಂಡಿನಲ್ಲಿ ತಯಾರಾದದ್ದು, ಈಗ ಅದಕ್ಕೆ ಗುಂಡೂ ಸಿಗುವುದಿಲ್ಲ, ಕುದುರೆ ಎಳೆದರೆ ಅಲುಗುವುದೂ ಇಲ್ಲ. ಆದರೆ ಅದರ ಮರದ ಹಿಡಿಯ ತಳದಲ್ಲಿ ಒಂದು ಸೀಳು, ಅದರ ಪಕ್ಕ ಮೂರು ತಗ್ಗು ಇದ್ದವು. ಈ ಗಾಯಗಳ ಮೇಲೆ ನಾನು ಹನ್ನೆರಡು ಪುಟದ ಲೇಖನ ಬರೆದಿದ್ದೆ. ಯಾವುದೋ ಮಹಾಯುದ್ಧದಲ್ಲಿ, ಗುಂಡು ಮುಗಿದ ಮೇಲೆ, ಯಾರೋ ವೀರ ಸೈನಿಕ ಇದನ್ನೇ ತಿರುಗಿಸಿ ಹಿಡಿದು ಶತ್ರುವಿನ ಉಕ್ಕಿನ ಟೋಪಿಯ ಮೇಲೆ ಬಾರಿಸಿದ್ದಾನೆ ಎಂಬುದು ನನ್ನ ಸಿದ್ಧಾಂತ. ನನ್ನಂಥದೇ ಹುಚ್ಚಿನವರ ಒಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ಲೇಖನ ಹಾಕಿದಾಗ ಹದಿನಾಲ್ಕು ಜನ ಕೈಮುಗಿದಿದ್ದರು.

ಚುನಾವಣೆ ಬಂದರೆ ಲೈಸೆನ್ಸಿನ ಆಯುಧಗಳನ್ನೆಲ್ಲ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಅಲುಗದ ರಿವಾಲ್ವರಿಗೂ ವಿನಾಯಿತಿಯಿಲ್ಲ. ಹೋದ ಸಲ ಚುನಾವಣೆ ಮುಗಿದ ಮೇಲೆ ವಾಪಸು ತರಲು ಹೋದಾಗ ಠಾಣೆಯ ರೈಟರು ನಾಗರಾಜಪ್ಪ ಬೀರುವಿನಿಂದ ನನ್ನದನ್ನು ತೆಗೆಯುತ್ತಿದ್ದರು. ಪಕ್ಕದಲ್ಲಿ ಅಂಥದೇ ಇನ್ನೊಂದು ಚರ್ಮದ ಚೀಲ ಕಂಡಿತು. "ಅದು ಖಾದರ್ ಸಾಹೇಬ್ರುದು ಸಾರ್, ಹಾಸಿಗೆ ಅಂಗಡಿಯೋರ್ದು" ಎಂದರು. ನನ್ನ ಕೈ ಸುಮ್ಮನಿರುತ್ತದೆಯೆ? "ಒಂದು ನಿಮಿಷ ನೋಡಿ ಕೊಡ್ತೀನಿ" ಎಂದು ಗೋಗರೆದು, ಎರಡನ್ನೂ ಮೇಜಿನ ಮೇಲೆ ಜೋಡಿಸಿಟ್ಟು, ರೈಟರಿಗೂ ಇಬ್ಬರು ಕಾನ್‌ಸ್ಟೇಬಲ್ಲುಗಳಿಗೂ ಕಾಲು ಗಂಟೆ ಪಾಠ ಮಾಡಿದೆ. ಅವಳಿ ಜವಳಿ ಹಾಗಿದ್ದವು. ಕೊನೆಗೆ ನಾಗರಾಜಪ್ಪನವರು, "ನಂಬರ್ ಒಂದ್ಸಲ ಓದಿ ಸಾರ್, ನನ್ ಕನ್ನಡಕ ಮನೇಲೇ ಉಳೀತು" ಎಂದರು. ಓದುವುದೇನು, ನನಗೆ ಬಾಯಿಪಾಠ! ರಿವಾಲ್ವರಿನ ಕಡೆ ನೋಡದೆ ಗಡಗಡನೆ ಹೇಳಿ, ರುಜು ಹಾಕಿ ಬಂದೆ.

ಮನೆಗೆ ಬಂದು ಭೂತಗನ್ನಡಿ ಹಿಡಿದು ಒರೆಸುತ್ತಿದ್ದರೆ, ನಳಿಗೆಯ ಕೆಳಗೆ ಕಿಲುಬಿನ ಅಡಿಯಲ್ಲಿ ಸಣ್ಣ ಬಾಣದ ಗುರುತು! ಸೈನ್ಯದ ಮುದ್ರೆ! ಇಷ್ಟು ವರ್ಷ ನನ್ನ ಕಣ್ಣಿಗೆ ಬೀಳದ್ದು ಇವತ್ತು ಬಿತ್ತು, ನನ್ನ ಸಿದ್ಧಾಂತ ಗೆದ್ದಿತು ಎಂದು ಹಿತ್ತಿಲಿಗೆ ಓಡಿದೆ. ಮುನಿಲಕ್ಷ್ಮಿ ಬಟ್ಟೆ ಒಣಹಾಕುತ್ತಿದ್ದಳು.

"ನೋಡೇ, ನಿಮ್ಮಪ್ಪನ ರಿವಾಲ್ವರು ಯುದ್ಧಕ್ಕೆ ಹೋಗಿತ್ತು ಕಣೇ!"

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅದನ್ನು ತಿರುಗಿಸಿ ನೋಡಿದಳು. "ಇದು ನಮ್ಮಪ್ಪಂದಲ್ಲ."

"ನಿನಗೇನು ಗೊತ್ತು?"

"ಬೇಲದ ಹಣ್ಣಿನ ಏಟೆಲ್ಲಿ?"

ನನಗೆ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. "ಶ್ರೀರಾಮನವಮಿ ದಿನ ಪಾನಕಕ್ಕೆ ನಮ್ಮಪ್ಪ ಬೇಲದ ಹಣ್ಣು ಒಡೀತಿದ್ದಿದ್ದು ಅವರ ರಿವಾಲ್ವರ್ ಹಿಂಬದೀಲೇ ಅಲ್ವಾ? ಒಂದ್ಸಲ ಇನ್ನೂ ಹಣ್ಣಾಗದ ಕಾಯಿಗೆ ಹೊಡೆದು ಹಿಡಿ ಬಿರುಕು ಬಿಡ್ತು. ಕಾಯಿ ನಾನೇ ಹಿಡ್ಕೊಂಡಿದ್ದೆ. ನಮ್ಮಮ್ಮ ಬಾಯಿಗೆ ಬಂದಂಗೆ ಬೈದ್ಳು."

ನನ್ನ ವೀರ ಸೈನಿಕ, ಶತ್ರುವಿನ ಉಕ್ಕಿನ ಟೋಪಿ, ಹನ್ನೆರಡು ಪುಟ, ಎಲ್ಲ ಹಿತ್ತಿಲಿನಲ್ಲೇ ನೆಲಕಚ್ಚಿದವು. "ಇಷ್ಟು ವರ್ಷ ಯಾಕೆ ಹೇಳಲಿಲ್ಲ?" ಎಂದೆ.

"ನೀವು ಲಂಡನ್‌ನೋರ್ನ ಕೇಳ್ತಿದ್ರಿ. ನನ್ನ ಯಾವತ್ತು ಕೇಳಿದ್ರಿ?" ಎಂದಳು. ಹೇಳುತ್ತಾ ಹೇಳುತ್ತಾ ಅವಳ ದನಿ ಸಣ್ಣಗಾಯಿತು. "ಅಲ್ರೀ, ಹಾಗಾದ್ರೆ ನಮ್ಮಪ್ಪಂದು ಎಲ್ಲೋಯ್ತು?"

ಆಗ ನನ್ನ ತಲೆಗೆ ಹೊಳೆಯಿತು. ಪಾಠದ ಭರದಲ್ಲಿ ಇದನ್ನು ಅದರ ಚೀಲಕ್ಕೂ ಅದನ್ನು ಇದರ ಚೀಲಕ್ಕೂ ತುರುಕಿದ್ದೆ. ಮನೆಗೆ ಬಂದ ಮೇಲೂ ಬಾಣದ ಗುರುತಿನ ಸಂಭ್ರಮದಲ್ಲಿ ಹಿಡಿಯ ಕಡೆ ನೋಡಿರಲೇ ಇಲ್ಲ. ಲೈಸೆನ್ಸಿನಲ್ಲಿರುವ ನಂಬರು ಒಂದು, ಮನೆಯಲ್ಲಿರುವುದು ಇನ್ನೊಂದು. ಇದಕ್ಕೆ ಜೈಲೂ ಆಗಬಹುದೆಂದು ಇದೇ ನಾನು ಎಷ್ಟೋ ಜನಕ್ಕೆ ಬುದ್ಧಿ ಹೇಳಿದ್ದೆ. ಆದರೆ ಅದಕ್ಕಿಂತ ಹೆಚ್ಚು ಹೆದರಿಸಿದ್ದು ಮುನಿಲಕ್ಷ್ಮಿಯ ಮುಖ. ಅಪ್ಪನದೆಂದು ಅವಳಿಗೆ ಉಳಿದಿದ್ದು ಅದೊಂದೇ ಎಂಬುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. "ಸ್ಕೂಟರ್ ತೆಗೀರಿ, ನಾನೂ ಬರ್ತೀನಿ. ನಿಮ್ಮೊಬ್ಬರನ್ನೇ ಕಳಿಸಿದ್ರೆ ಅಲ್ಲೂ ಪಾಠ ಶುರು ಮಾಡ್ತೀರಿ" ಎಂದು ಹಿಂದೆ ಕೂತಳು.

ನಾಗರಾಜಪ್ಪ ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡರು. "ಏಮಿ ಸಾರ್ ಇದಿ! ನೀವೇ ಹಿಂಗೆ ಮಾಡಿದ್ರೆ ಹೆಂಗೆ? ಸಾಹೇಬ್ರು ಆಗ್ಲೇ ತಗೊಂಡೋದ್ರಲ್ಲ" ಎಂದು ಫೋನು ಹಚ್ಚಿದರು. ಹತ್ತು ನಿಮಿಷದಲ್ಲಿ ಖಾದರ್ ಸಾಹೇಬರು ಗಡ್ಡದಲ್ಲಿ ಅರಳೆಯ ಎಳೆ ಅಂಟಿಸಿಕೊಂಡೇ ಬಂದರು. ಎಂಬತ್ತರ ಹತ್ತಿರದ ಮನುಷ್ಯ. ಚೀಲವನ್ನು ಮೇಜಿನ ಮೇಲಿಟ್ಟು, "ಅರೆ, ನಾನೂ ಅಂದ್ಕೊಂಡೆ ಸಾಬ್. ನಮ್ದು ಕುದುರೆ ಎಳೆದ್ರೆ ಆರಾಮಾಗಿ ಅಲುಗ್ತಿತ್ತು. ಇವತ್ತು ಎಷ್ಟು ತಟ್ಟಿದ್ರೂ ಇಲ್ಲ. ಪಾಪ, ಅದಕ್ಕೂ ನನ್ನ ಥರಾನೇ ಮಂಡಿನೋವು ಬಂತು ಅಂತ ಎಣ್ಣೆ ಹಚ್ಚಿಟ್ಟಿದ್ದೆ" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮುನಿಲಕ್ಷ್ಮಿ ಚೀಲದಿಂದ ಅದನ್ನು ತೆಗೆದು, ಹಿಡಿಯ ಸೀಳಿನ ಮೇಲೆ ಬೆರಳಾಡಿಸಿ, "ಇದೇ ಕಣ್ರೀ" ಎಂದಳು. ಆಮೇಲೆ ಎಲ್ಲರ ಎದುರಿಗೆ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಸಾಹೇಬರು ಹಚ್ಚಿದ್ದ ಎಣ್ಣೆ ಅವಳ ಹುಬ್ಬಿಗೆಲ್ಲ ಮೆತ್ತಿಕೊಂಡಿತು.

ನಂಬರನ್ನು ಈ ಸಲ ನಾಗರಾಜಪ್ಪನವರು ಕನ್ನಡಕ ತರಿಸಿಕೊಂಡು ತಾವೇ ಓದಿದರು. ನಾನೊಂದು ತಪ್ಪೊಪ್ಪಿಗೆ ಬರೆದುಕೊಟ್ಟೆ. ಸಾಹೇಬರು ಎಲ್ಲರಿಗೂ ಚಹಾ ತರಿಸಿದರು.

ಮಾರನೆಯ ದಿನ ಕೂತು ಲೇಖನವನ್ನು ಹೊಸದಾಗಿ ಬರೆದೆ. ಸೈನಿಕನನ್ನು ತೆಗೆದು ಮಾವನವರನ್ನು ಕೂರಿಸಿದೆ. ಹನ್ನೆರಡು ಪುಟ ಒಂದೂವರೆಗೆ ಇಳಿಯಿತು. ನನ್ನ ಜೀವನದಲ್ಲಿ ಅಷ್ಟು ನೆಮ್ಮದಿಯಿಂದ ಇನ್ನೇನನ್ನೂ ಬರೆದಿಲ್ಲ. ಗುಂಪಿನಲ್ಲಿ ಹಾಕಿದೆ. ಹಿಂದೆ ಯುದ್ಧದ ಕತೆಗೆ ಕೈಮುಗಿದಿದ್ದ ಹದಿನಾಲ್ಕು ಜನರೂ ಈಗ ಒಂದೇ ಪ್ರಶ್ನೆ ಕೇಳಿದರು: "ಬೇಲದ ಹಣ್ಣಿನ ವಿಷಯಕ್ಕೆ ಆಧಾರವೇನು?"

ಸಂಶೋಧಕನಾದವನು ಆಧಾರ ಒದಗಿಸಬೇಕಲ್ಲ. ಹೋಗಿ ಮುನಿಲಕ್ಷ್ಮಿಯನ್ನೇ ಕೇಳಿದೆ. "ಒಳ್ಳೆ ಬಲಿತ ಹಣ್ಣು ತನ್ನಿ. ನಿಮ್ಮ ತಲೆ ಮೇಲೇ ಇಟ್ಟು ಒಡೆದು ತೋರಿಸ್ತೀನಿ" ಎಂದಳು.

ನಾನು ಗುಂಪಿಗೆ ಹೀಗೆ ಉತ್ತರ ಬರೆದೆ: "ಸಾಕ್ಷಿ ಪ್ರಾತ್ಯಕ್ಷಿಕೆಗೆ ಸಿದ್ಧರಿದ್ದಾರೆ. ತಲೆಯೊಂದು ಬೇಕಾಗಿದೆ. ಆಸಕ್ತರು ಮುಳಬಾಗಿಲಿಗೆ ಬರಬಹುದು." ಇದುವರೆಗೆ ಯಾರೂ ಬಂದಿಲ್ಲ. ಹೀಗಾಗಿ ನಾನು ಸಂತೆಯಲ್ಲಿ ಹಣ್ಣಿನ ಗಾಡಿಗಳ ಮುಂದೆ ಸ್ವಲ್ಪ ಬೇಗಬೇಗ ನಡೆಯುತ್ತಿದ್ದೇನೆ.