ಗಿಡ ಬಿಡಿ, ಮರ ತೆಗೆಯಿರಿ

ಮನೆ ಕಟ್ಟುವಾಗ ಪಟ್ಟ ಪಾಡನ್ನು ಎಲ್ಲರೂ ಹೇಳಿಕೊಳ್ಳುತ್ತಾರೆ. ಮಾರುವಾಗ ಆಗುವುದನ್ನು ಯಾರೂ ಹೇಳುವುದಿಲ್ಲ, ಹೇಳಿದರೆ ಜನ ನಗುತ್ತಾರೆ. ನಮಗಂತೂ ಒಂದಾದ ಮೇಲೊಂದು ಆಗುತ್ತಲೇ ಹೋಯಿತು.

ನಾನು ಕಾಪುವಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ಟ್ರು. ಅಲ್ಲಿಗೆ ವರ್ಗವಾದ ಮೇಲೆ ಪರ್ಕಳದ ನಮ್ಮ ಮನೆಗೆ ಬೀಗ ಬಿದ್ದು ವರ್ಷಗಳೇ ಆಗಿದ್ದವು. ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಉಡುಪಿಯಲ್ಲೊಂದು ಫ್ಲಾಟಿಗೆ ಮುಂಗಡ ಕೊಟ್ಟೆವು. ಪರ್ಕಳದ್ದು ಮಾರಾಟವಾಗದಿದ್ದರೆ ಫ್ಲಾಟೂ ಇಲ್ಲ, ಮುಂಗಡವೂ ಇಲ್ಲ. ನನಗೆ ಊಟ ಸೇರುತ್ತಿರಲಿಲ್ಲ.

೧. ಒಳ್ಳೆಯ ಜಾಗ

ನೋಡಲು ಬಂದವರು ಗಲ್ಫಿನಿಂದ ರಜೆಯಲ್ಲಿ ಬಂದಿದ್ದ ಕೊಂಕಣಿ ಕ್ರಿಶ್ಚಿಯನ್ ದಂಪತಿ. ಗೇಟು ತೆರೆದರೆ ಗೇರು, ಮಾವು, ಹಲಸು, ಬುಡದಲ್ಲೆಲ್ಲ ಆಳೆತ್ತರದ ಪೊದೆ. ಆತ ಕಾಲು ಒಳಗಿಡಲಿಲ್ಲ. "ಹಾವು ಉಂಟೋ ಏನೋ. ಸ್ವಲ್ಪ ಕ್ಲೀನ್ ಮಾಡಿಸಿ ಮಾಸ್ಟ್ರೇ, ಮುಂದಿನ ಭಾನುವಾರ ಬರ್ತೇವೆ. ಮಂಗಳವಾರ ನಾನು ವಾಪಸು ಹೋಗ್ಲಿಕ್ಕುಂಟು" ಎಂದರು.

ಅವರ ಹೆಂಡತಿ ಎಲ್ಲ ಕಡೆ ಕಣ್ಣಾಡಿಸಿ, ಬಹಳ ಮರ್ಯಾದೆಯಿಂದ ಕೇಳಿದರು: "ಜಾಗ ಒಳ್ಳೆದುಂಟು. ಮನೆ ಯಾವಾಗ ಕಟ್ಟಿಸ್ತೀರಿ?"

೨. ಹಪ್ಪಳ

ಪಕ್ಕದ ಮನೆಯವರು ನಮ್ಮ ಹಲಸಿನ ಕಾಯಿ ಬಿದ್ದು ತಮ್ಮ ಹಂಚು ಒಡೆಯುತ್ತದೆ ಎಂದು ಸಿಕ್ಕಿದಲ್ಲೆಲ್ಲ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಹೇಗೂ ಕ್ಲೀನ್ ಮಾಡಿಸುವುದೇ, ಪೊದೆಯ ಜೊತೆ ಮರಗಳೂ ಹೋಗಲಿ ಎಂದುಕೊಂಡೆ. ಅವರೂ ಸಂತೋಷಪಡಲಿ ಎಂದು ನಾನೇ ಹೋಗಿ, "ಶನಿವಾರ ಮರ ಕಡಿಸ್ತೇನೆ" ಎಂದೆ. ಅವರ ಮುಖ ಸಣ್ಣದಾಯಿತು.

"ಕಡೀಲೇಬೇಕಾ ಮಾರಾಯ್ರೇ?"

"ನೀವೇ ಹೇಳಿದ್ದಲ್ವಾ, ಹಂಚು ಒಡೀತದೆ ಅಂತ?"

"ಹಂಚು ಒಡೆದದ್ದು ಹೌದು. ಆದರೆ ಬಿದ್ದ ಕಾಯಿಯನ್ನು ನಾವು ಬಿಸಾಡಿದ್ದೇವಾ? ವರ್ಷವಿಡೀ ಹಪ್ಪಳ ಅದರದ್ದೇ. ಈಗ ಅದಕ್ಕೂ ಕಲ್ಲು ಹಾಕ್ತೀರಾ?"

೩. ಕನ್ನಡ ಮಾಸ್ಟ್ರ ಕನ್ನಡ

ಶನಿವಾರ ಕೆಲಸಕ್ಕೆ ಸಿಕ್ಕಿದ್ದು ಬಾಗಲಕೋಟೆ ಕಡೆಯ ಮೇಸ್ತ್ರಿ ಮತ್ತು ಅವನ ಜನ. ಹಳೆಯ ದಾಸವಾಳ, ಮಲ್ಲಿಗೆ, ಕ್ರೋಟನ್‌ಗಳನ್ನು ಫ್ಲಾಟಿಗೆ ಒಯ್ಯಬೇಕೆಂದು ನನ್ನ ಹೆಂಡತಿಯ ಆಸೆ. ಹಾಗಾಗಿ ನಾನು ಬಿಡಿಸಿ ಹೇಳಿದೆ: "ಪೊದೆ ಪೂರ್ತಿ ಸವರಿ. ಗಿಡ ಒಂದೂ ಮುಟ್ಟಬೇಡಿ. ಮರ ಎಲ್ಲ ತೆಗೆಯಿರಿ." ಅವನು "ಆತ್ರಿ ಸರ" ಎಂದ. ನಾನು ಶಾಲೆಗೆ ಹೋದೆ.

ಸಂಜೆ ನಾನೂ ಹೆಂಡತಿಯೂ ಬಂದು ನೋಡಿದರೆ ಮಾವು, ಹಲಸು, ಗೇರು ನಿಂತಲ್ಲೇ ನಿಂತಿವೆ. ಕೆಳಗೆ ಪೊದೆ, ಬೇಲಿ, ದಾಸವಾಳ, ಮಲ್ಲಿಗೆ ಎಲ್ಲವೂ ನುಣ್ಣಗೆ ಬೋಳು. ಬೆಳಗಾದರೆ ಭಾನುವಾರ.

"ಎಂತ ಮಾಡಿದ್ದು ಇದು?" ಎಂದೆ.

"ನೀವ ಹೇಳಿದ್ರೆಲ್ಲಾ ಸರ, ಗಿಡ ಮುಟ್ಟಬ್ಯಾಡ್ರಿ ಅಂತ" ಎಂದು ಮೇಸ್ತ್ರಿ ಮಾವಿನ ಮರದ ಬೆನ್ನು ತಟ್ಟಿದ. "ಮಾವಿನ ಗಿಡ, ಹಲಸಿನ ಗಿಡ, ಒಂದೂ ಮುಟ್ಟಿಲ್ರಿ. ಬರೀ ಕಂಟಿ ಕಡದೀವಿ."

"ಮತ್ತೆ ಮರ?"

"ತಗದೀವ್ರಿ. ನೀವ ಎಲ್ಲಾ ಅಂದ್ರಿ, ನಮಗ ಒಂದ ಸಿಕ್ತು. ಹೊರಗಿನ ಬಚ್ಚಲದಾಗ ಇತ್ತು." ಜಗುಲಿಯ ಮೇಲೆ, ಚೆನ್ನಾಗಿ ತೊಳೆದು ಒಣಗಲು ಇಟ್ಟಿದ್ದ ಅಕ್ಕಿ ಕೇರುವ ಹಳೆಯ ಮೊರವನ್ನು ತೋರಿಸಿದ. ಅವರ ಊರಲ್ಲಿ ಅದಕ್ಕೇ ಮರ ಎನ್ನುತ್ತಾರಂತೆ; ನಮ್ಮ ಮರ ಅವರಿಗೆ ಗಿಡ, ನಮ್ಮ ಗಿಡ ಅವರಿಗೆ ಕಂಟಿ.

ಹೆಂಡತಿ ನನ್ನನ್ನೇ ನೋಡಿದಳು. "ಇಷ್ಟು ವರ್ಷ ಮಕ್ಕಳಿಗೆ ಎಂತ ಕನ್ನಡ ಕಲಿಸಿದ್ದು ನೀವು?"

ಭಾನುವಾರ ಇಗರ್ಜಿಯಿಂದ ನೇರವಾಗಿ ದಂಪತಿ ಬಂದರು. ಪೊದೆ ಇಲ್ಲ, ಹಾವಿನ ಭಯವಿಲ್ಲ, ಗೇಟಿನಿಂದಲೇ ಮನೆ ಕಾಣುತ್ತಿತ್ತು. ಆತ ಹಲಸಿನ ನೆರಳಲ್ಲಿ ನಿಂತು ಬೆವರು ಒರೆಸಿಕೊಂಡು, "ಇದನ್ನೆಲ್ಲ ಉಳಿಸಿದ್ದು ಒಳ್ಳೆದಾಯ್ತು, ಅಲ್ಲಿ ನಮಗೆ ನೆರಳೇ ಇಲ್ಲ" ಎಂದರು. ಅರ್ಧ ಗಂಟೆಯಲ್ಲಿ ಮಾತು ಮುಗಿಯಿತು. ಹೋದ ಜೀವ ಬಂದಂತಾಯಿತು ನನಗೆ.

ಹೊರಡುವಾಗ ಆತ ಖಾತ್ರಿ ಮಾಡಿಕೊಂಡರು. "ಮರ ಎಲ್ಲ ನಮಗೇ ಅಲ್ವಾ ಮಾಸ್ಟ್ರೇ?"

"ಎಲ್ಲ ನಿಮಗೇ" ಎಂದೆ.

ನನ್ನ ಹೆಂಡತಿ ಜಗುಲಿಗೆ ಹೋಗಿ, ಮೊರವನ್ನು ತಂದು ಅವರ ಕೈಗಿಟ್ಟಳು.