ಹಿಂದಿನದರ ಹಿಂದಿನದು

ಏಣಿಯಪ್ಪ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇಪ್ಪತ್ತೆರಡು ವರ್ಷ ಬೂಟಿನಂಗಡಿಯ ಏಣಿ ಹತ್ತಿ ಇಳಿದದ್ದಕ್ಕೆ ಸಿಕ್ಕ ಬಿರುದು. ಹತ್ತುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ತೊಂದರೆಯೆಲ್ಲ ಹತ್ತಿದ ಮೇಲಿನದು. ಗಿರಾಕಿ ಮೊದಲು "ಕಪ್ಪು, ಏಳು ನಂಬರ್" ಅನ್ನುತ್ತಾರೆ. ಇವನು ನಾಲ್ಕನೇ ಮೆಟ್ಟಿಲಲ್ಲಿರುವಾಗ "ಬೇಡ, ಎಂಟು" ಅನ್ನುತ್ತಾರೆ. ತುದಿ ಮುಟ್ಟಿದಾಗ "ಕಂದು ಬಣ್ಣದ್ದೇ ಕೊಡಿ" ಅನ್ನುತ್ತಾರೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ನಮ್ಮ ಏಣಿಯಪ್ಪ ಇಳಿಸಿ ತರುವುದು ಕಪ್ಪು ಏಳನ್ನೇ!

"ಸೋಮವಾರ ಇನ್ನೊಂದು ತಪ್ಪು ಡಬ್ಬ ಇಳೀತೋ, ನೀನು ಅಟ್ಟಕ್ಕೆ," ಎಂದುಬಿಟ್ಟರು ಮಾಲೀಕರು.

ಅಟ್ಟವೆಂದರೆ ಧೂಳು, ಇಲಿ, ಡಬ್ಬಗಳ ರಾಶಿ. ಹರಟೆಗೆ ಒಂದು ನರಪಿಳ್ಳೆಯೂ ಇಲ್ಲ. ಮಾತು ಕೇಳಿಸದೆ ಸತ್ತೇಹೋಗುತ್ತೇನೆಂದು ಏಣಿಯಪ್ಪ ಮನೆಗೆ ಬಂದು ಗೋಳಾಡಿದ.

"ಅಪ್ಪಾ, ತಲೇಲಿ ಒಂದು ಬಾಗಿಲಿರುತ್ತೆ," ಎಂದಳು ಮೆದುಳಿನ ವಿಜ್ಞಾನ ಓದುತ್ತಿದ್ದ ಮಗಳು. "ನೆನಪಿಟ್ಕೊಳ್ಳೋವಾಗ ಅದು ಮುಚ್ಚಿರಬೇಕು. ಹೊಸ ವಿಷಯ ಬಂದ್ರೆ ತೆಗೆದು ಹಳೇದನ್ನ ಆಚೆ ಹಾಕ್ಬೇಕು. ನಿಂದು ತೆಗೆಯೋದೇ ಇಲ್ಲ."

"ಮದುವೆಯಾದಾಗಿಂದ ನಾನು ಬಡೀತಾನೇ ಇದ್ದೀನಿ," ಎಂದಳು ಹೆಂಡತಿ, ಆಲೂಗಡ್ಡೆ ಸಿಪ್ಪೆ ತೆಗೆಯುತ್ತ. (ಬಾಗಿಲನ್ನು. ತಲೆಯನ್ನಲ್ಲ.)

ಮಗಳು ಒಂದು ಕಸರತ್ತು ಹೇಳಿಕೊಟ್ಟಳು. ಹೆಂಡತಿ ಒಂದೊಂದೇ ಪದ ಹೇಳುತ್ತ ಹೋಗಬೇಕು. ಇವನು ಪ್ರತಿಸಲವೂ ಹಿಂದಿನದರ ಹಿಂದಿನದನ್ನು ಹೇಳಬೇಕು. "ಬಕೆಟ್ಟು, ಕತ್ತರಿ, ಛತ್ರಿ" ಅಂದರೆ "ಬಕೆಟ್ಟು!" ಹಲ್ಲುಜ್ಜುವಾಗಲೂ ಊಟ ಮಾಡುವಾಗಲೂ ಅಖಂಡ ತಪಸ್ಸು ನಡೆಯಿತು. ಭಾನುವಾರದ ಹೊತ್ತಿಗೆ ಮನುಷ್ಯ ಪೂರ್ತಿ ಪಳಗಿದ್ದ.

"ರೀ, ನೀರು ಕಾಯಿಸ್ಲಾ?"

ಮೌನ.

"ಚಿಲಕ ಹಾಕಿದ್ರಾ?"

ಮೌನ.

"ನಮ್ಮಮ್ಮ ಹೇಗಿದ್ದಾರೆ ಅಂತ ಕೇಳಿದ್ರಾ?"

"ಕಾಯಿಸು. ಚೆನ್ನಾಗಿ ಕುದೀಲಿ!"

ಸೋಮವಾರ ಕನ್ನಡಕ ಮನೆಯಲ್ಲೇ ಬಿಟ್ಟು ಯುದ್ಧಕ್ಕೆ ಹೊರಟ. ಹೆಂಡತಿ ಅದನ್ನು ತಂದುಕೊಡಲು ಬಂದಾಗ ಅಂಗಡಿ ತುಂಬಿತ್ತು. ಏಣಿಯಪ್ಪ ಮೇಲಿದ್ದ. ಕೆಳಗಿನಿಂದ ಒಬ್ಬ ಹೆಂಗಸು, "ಕಪ್ಪು ಏಳು... ಅಲ್ಲ, ಕಪ್ಪು ಎಂಟು... ಅಯ್ಯೋ, ಕಂದು ಎಂಟೇ ಇರಲಿ!" ಎಂದಳು. ಏಣಿಯಪ್ಪ ಕಣ್ಣು ಮುಚ್ಚಿ ಲೆಕ್ಕ ಹಾಕಿದ, ಇಳಿದ, ಡಬ್ಬ ಮುಂದಿಟ್ಟ. ಕಪ್ಪು ಏಳು! ಇಷ್ಟು ದಿನ ಮರೆತು ತರುತ್ತಿದ್ದುದನ್ನು ಈಗ ಸಾಧನೆ ಮಾಡಿ ತಂದಿದ್ದ.

ಮಾಲೀಕರು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ, "ರೀ, ಅವ್ರಿಗೆ ಕಂದು ಎಂಟು. ಆ ಮಗೂಗೆ ಮೂರಲ್ಲ, ನಾಲ್ಕು. ಬಾಗಿಲ ಹತ್ರ ಇರೋರು ಬೇಡ ಅಂದಾಯ್ತು," ಎಂದಳು.

ಮಾಲೀಕರು ಕಣ್ಣರಳಿಸಿದರು. "ಎಲ್ಲಿ ಕಲಿತ್ರಮ್ಮ ಇದನ್ನ?"

"ಅಡುಗೆಮನೇಲಿ. ಸಕ್ಕರೆ ಹಾಕು ಅಂತಾರೆ, ಬೇಡ ಅಂತಾರೆ, ಅರ್ಧ ಚಮಚ ಅಂತಾರೆ. ಲೋಟ ಕೈಗಿಟ್ರೆ, ಕಾಫಿ ಯಾರು ಕೇಳಿದ್ರು ಅಂತಾರೆ."

ಮಂಗಳವಾರದಿಂದ ಗಿರಾಕಿಗಳ ಮಾತು ಕೇಳಿ ಮೇಲಕ್ಕೆ ಕೂಗುವ ಕುರ್ಚಿ ಹೆಂಡತಿಗೆ, ಅಟ್ಟ ಏಣಿಯಪ್ಪನಿಗೆ. ಮಾತು ಕೇಳಿಸದೆ ಸಾಯುತ್ತೇನೆಂಬ ಭಯವೇನೋ ಮೊದಲ ದಿನವೇ ಹೋಯಿತು.

"ರೀ, ಕಪ್ಪು ಏಳು!"

ಮೌನ.

"ಬೇಡ, ಕಂದು ಎಂಟು!"

ಮೌನ.

"ಕೇಳಿಸ್ತೇನ್ರೀ?"

ಅಟ್ಟದಿಂದ ದೃಢವಾದ ದನಿ ಬಂತು: "ಕಪ್ಪು ಏಳು!"